ಮನದಾಳ ಬಗೆದ ಫ್ರಾಯ್ಡ್‌ಗೂ ಬಿಡಲಾಗದ ಚುಟ್ಟ

ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ತಮ್ಮ ಬಾಯಿಯೊಳಗೆ ಗಂಟೊಂದು ಬೆಳೆಯುತ್ತಿರುವುದನ್ನು ಗಮನಿಸಿದ್ದು 1923ರ ಫೆಬ್ರುವರಿಯಲ್ಲಿ. ಬಲಗಡೆಯ ದವಡೆ ಹಾಗೂ ಅಂಗುಳಿನ ಮೇಲೆ ಅದು ಕಾಣಿಸಿಕೊಂಡಿತ್ತು. ಆಗ ಅವರಿಗೆ 66 ವರ್ಷ. ಸ್ವತಃ ವೈದ್ಯರಾದ ಅವರು ಅದರ ಅಪಾಯ ಅರಿಯದವರೇನಲ್ಲ. ಆದರೂ ಸುಮಾರು ಎರಡು ತಿಂಗಳು ಅದನ್ನು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಚುಟ್ಟ ನಿಲ್ಲಿಸಬೇಕಾಗುತ್ತದೆ ಎಂಬ ಅಳುಕೇ ಈ ಮೌನಕ್ಕೆ ಕಾರಣ ಎಂಬುದು ಅವರ ಜೀವನಚರಿತ್ರೆ ಬರೆದವರ ಅಭಿಪ್ರಾಯ.

ಮನುಷ್ಯ ತನ್ನನ್ನು ತಾನೇ ಹೇಗೆ ವಂಚಿಸಿಕೊಳ್ಳುತ್ತಾನೆ ಎಂಬುದನ್ನು ಜಗತ್ತಿಗೆ ಬಿಡಿಸಿ ಹೇಳಿದವರು ಅವರೇ. ಆದರೆ ಆ ಎರಡು ತಿಂಗಳ ಮೌನಕ್ಕೆ ಅವರ ಸಿದ್ಧಾಂತಗಳಿಗಿಂತ ಇಂದಿನ ನರವಿಜ್ಞಾನವೇ ಹೆಚ್ಚು ಒಪ್ಪುವಂಥ ವಿವರಣೆ ನೀಡುತ್ತದೆ.

ಫ್ರಾಯ್ಡ್ ಹುಟ್ಟಿದ್ದು 1856ರ ಮೇ 6ರಂದು, ಇಂದಿನ ಜೆಕ್ ಗಣರಾಜ್ಯದಲ್ಲಿರುವ ಅಂದಿನ ಫ್ರೈಬರ್ಗ್ ಎಂಬ ಊರಿನಲ್ಲಿ. ನಾಲ್ಕು ವರ್ಷದ ಬಾಲಕನಾಗಿದ್ದಾಗ ಕುಟುಂಬ ವಿಯೆನ್ನಾಕ್ಕೆ ಬಂತು. ತಂದೆ ಯಾಕೋಬ್ ಕೂಡ ಧೂಮಪಾನಪ್ರಿಯರು. 80ರ ವಯಸ್ಸಿನವರೆಗೆ ಬದುಕಿದ್ದರು. ಮಗ 24ರ ಹರೆಯದಲ್ಲಿ ಮೊದಲು ಸಿಗರೇಟು, ಆನಂತರ ಚುಟ್ಟ ಹಿಡಿದರು. ದಿನಕ್ಕೆ 20 ಚುಟ್ಟ ಅವರ ವಾಡಿಕೆಯಾಯಿತು. 1902ರಿಂದ ಪ್ರತಿ ಬುಧವಾರ ಅವರ ಮನೆಯಲ್ಲಿ ಸೇರುತ್ತಿದ್ದ ಶಿಷ್ಯಗಣದ ಸಭೆ ಮುಗಿಯುವ ಹೊತ್ತಿಗೆ ಕೋಣೆಯ ತುಂಬ ಹೊಗೆ ಕವಿದಿರುತ್ತಿತ್ತು.

ಅವರ ದೇಹ ಮೊದಲ ಎಚ್ಚರಿಕೆ ನೀಡಿದ್ದು 1890ರ ದಶಕದಲ್ಲೇ. ಎದೆಬಡಿತ ಏರುಪೇರಾಗತೊಡಗಿತ್ತು. ಬರ್ಲಿನ್‌ನ ವೈದ್ಯಮಿತ್ರ ವಿಲ್ಹೆಲ್ಮ್ ಫ್ಲೀಸ್ ಚುಟ್ಟ ನಿಲ್ಲಿಸುವಂತೆ ಕಟ್ಟುನಿಟ್ಟಾಗಿ ಸೂಚಿಸಿದರು. ಫ್ರಾಯ್ಡ್ ನಿಲ್ಲಿಸಿಯೂ ನೋಡಿದರು. ಮನಸ್ಸು ಕುಗ್ಗಿತು, ಸಾವಿನ ಚಿತ್ರಗಳು ಕಾಡಿದವು, ಬರವಣಿಗೆ ಸಾಗದಾಯಿತು. ಕೆಲವು ವಾರಗಳಲ್ಲಿ ಚುಟ್ಟ ಮತ್ತೆ ಬೆರಳ ಸಂದಿಗೆ ಬಂತು. ಚುಟ್ಟವಿಲ್ಲದೆ ತಮ್ಮ ಬುದ್ಧಿ ಕೆಲಸ ಮಾಡದು ಎಂಬ ನಂಬಿಕೆ ಅವರಲ್ಲಿ ಬೇರೂರಿತು.

ಆ ನಂಬಿಕೆ ಪೂರ್ತಿ ಸುಳ್ಳಲ್ಲ, ಅದರ ಉರುಳು ಇರುವುದೂ ಅಲ್ಲಿಯೇ. ನಿಕೋಟಿನ್ ರಕ್ತದ ಮೂಲಕ ಮಿದುಳನ್ನು ಸೇರಿ, ಅಸಿಟೈಲ್‌ಕೋಲಿನ್ ಎಂಬ ಸಹಜ ರಾಸಾಯನಿಕಕ್ಕೆ ಮೀಸಲಾದ ಗ್ರಾಹಕಗಳನ್ನು ಆಕ್ರಮಿಸಿಕೊಳ್ಳುತ್ತದೆ. ಇದರಿಂದ ಮಿದುಳಿನ ಆಳದ ನರಕೋಶಗಳು ಡೋಪಮೈನ್ ಸ್ರವಿಸುತ್ತವೆ. ಇದು ಒಳ್ಳೆಯದು, ಮತ್ತೆ ಮಾಡು ಎಂಬ ಮುದ್ರೆ ಬೀಳುತ್ತದೆ. ದಿನವೂ ಇದು ನಡೆದಾಗ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ನಿಕೋಟಿನ್ ಬಾರದಿದ್ದಾಗ ಚಡಪಡಿಕೆ, ಸಿಡುಕು, ಗಮನ ನಿಲ್ಲದಿರುವಿಕೆ. ಒಂದು ಚುಟ್ಟ ಹಚ್ಚಿದೊಡನೆ ಎಲ್ಲವೂ ಸರಿ! ಹೀಗಾಗಿ ಚುಟ್ಟವೇ ತಂದ ಮಂಕನ್ನು ಚುಟ್ಟವೇ ಕಳೆಯುತ್ತದೆ. ಸೇದುವವರಿಗೆ ಮಾತ್ರ ಅದು ಬುದ್ಧಿಗೆ ಸಾಣೆ ಹಿಡಿದಂತೆ ತೋರುತ್ತದೆ.

ತೀರ್ಮಾನದ ಮೇಲೆ ಆಗುವ ಪರಿಣಾಮ ಇನ್ನೂ ಸೂಕ್ಷ್ಮ. ಹಣೆಯ ಹಿಂಬದಿಯಲ್ಲಿರುವ ಮಿದುಳಿನ ಭಾಗ ಇಂದಿನ ಸುಖವನ್ನೂ ನಾಳೆಯ ನಷ್ಟವನ್ನೂ ತೂಗಿ ನೋಡುತ್ತದೆ. ಈಗಲೇ ಸಿಗುವ ಸಣ್ಣ ಮೊತ್ತ, ಕೆಲವು ತಿಂಗಳ ಬಳಿಕ ಸಿಗುವ ದೊಡ್ಡ ಮೊತ್ತ, ಇವೆರಡರಲ್ಲಿ ಒಂದನ್ನು ಆಯ್ದುಕೊಳ್ಳಲು ಹೇಳಿದ ಪ್ರಯೋಗಗಳಲ್ಲಿ ಧೂಮಪಾನಿಗಳು ಇತರರಿಗಿಂತ ಹೆಚ್ಚಾಗಿ ಮೊದಲನೆಯದರತ್ತ ವಾಲುವುದು ಕಂಡುಬಂದಿದೆ. ಅಂಥ ಸ್ವಭಾವದವರೇ ಚಟಕ್ಕೆ ಬೀಳುತ್ತಾರೋ, ಚಟವೇ ಆ ಸ್ವಭಾವ ತರುತ್ತದೋ ಎಂಬ ಚರ್ಚೆ ಇದೆ. ದೇಹದೊಳಗಿನ ತುಡಿತಗಳನ್ನು ಅರಿವಿಗೆ ತರುವ ಇನ್ಸುಲಾ ಎಂಬ ಭಾಗದ ಪಾತ್ರವೂ ಹಿರಿದು. ಪಾರ್ಶ್ವವಾಯು ಮುಂತಾದ ಕಾರಣಗಳಿಂದ ಅದಕ್ಕೆ ಹಾನಿಯಾದ ಕೆಲವರು ಧೂಮಪಾನವನ್ನು ಥಟ್ಟನೆ, ನಿರಾಯಾಸವಾಗಿ ತೊರೆದಿದ್ದನ್ನು 2007ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು.

ಫ್ರಾಯ್ಡ್ ಅವರ ಮಿದುಳನ್ನು ಯಾರೂ ಪರೀಕ್ಷಿಸಿಲ್ಲ ನಿಜ. ಆದರೆ ಅವರ ನಡವಳಿಕೆ ಈ ಚಿತ್ರಕ್ಕೆ ಹೊಂದುತ್ತದೆ. ಅವರೇ 1897ರಲ್ಲಿ ಫ್ಲೀಸ್‌ಗೆ ಬರೆದ ಪತ್ರದಲ್ಲಿ ತಂಬಾಕು, ಮದ್ಯ, ಮಾರ್ಫಿನ್ ಚಟಗಳೆಲ್ಲ ಎಳವೆಯ ಲೈಂಗಿಕ ಚಟವೊಂದರ ಬದಲಿಗಳು ಎಂಬ ಊಹೆ ಮುಂದಿಟ್ಟಿದ್ದರು. ಆ ಊಹೆ ಅವರ ಕೈಯಿಂದ ಚುಟ್ಟವನ್ನು ಬಿಡಿಸಲಿಲ್ಲ. ಚಟದ ಭೀಕರತೆಯನ್ನು ಅವರು ಹತ್ತಿರದಿಂದ ಕಂಡಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಮಾರ್ಫಿನ್ ದಾಸರಾಗಿದ್ದ ಗೆಳೆಯ ಎರ್ನ್‌ಸ್ಟ್ ಫ್ಲೈಶ್ಲ್ ಅವರಿಗೆ ಪರಿಹಾರವೆಂದು ಕೊಕೇನ್ ಸೂಚಿಸಿದವರು ಫ್ರಾಯ್ಡ್. ಗೆಳೆಯ ಎರಡಕ್ಕೂ ದಾಸರಾಗಿ 1891ರಲ್ಲಿ ತೀರಿಕೊಂಡರು.

ಮತ್ತೆ 1923ಕ್ಕೆ ಬರೋಣ. ಏಪ್ರಿಲ್‌ನಲ್ಲಿ ಬಾಯಿ ನೋಡಿದ ವೈದ್ಯ ಫೆಲಿಕ್ಸ್ ಡಾಯ್ಚ್‌ಗೆ ಕ್ಯಾನ್ಸರ್ ಎಂದು ಕೂಡಲೇ ಹೊಳೆಯಿತು. ಆದರೆ ರೋಗಿಗೆ ಹೇಳಲಿಲ್ಲ. ಬರೀ ಬಿಳಿಮಚ್ಚೆ ಎಂದರು. ಏಪ್ರಿಲ್ 20ರಂದು ಫ್ರಾಯ್ಡ್ ಮನೆಯವರಿಗೂ ತಿಳಿಸದೆ ಹಾಯೆಕ್ ಎಂಬ ತಜ್ಞರ ಚಿಕಿತ್ಸಾಲಯಕ್ಕೆ ಹೋದರು. ಸಣ್ಣ ಶಸ್ತ್ರಕ್ರಿಯೆ ಎಂದುಕೊಂಡಿದ್ದು ವಿಪರೀತ ರಕ್ತಸ್ರಾವದಲ್ಲಿ ಮುಗಿಯಿತು. ಸುದ್ದಿ ತಿಳಿದು ಪತ್ನಿ, ಮಗಳು ಧಾವಿಸಿದಾಗ ಅವರು ಅಡುಗೆಮನೆಯ ಕುರ್ಚಿಯೊಂದರ ಮೇಲೆ ರಕ್ತಸಿಕ್ತ ಬಟ್ಟೆಯಲ್ಲಿ ಕುಳಿತಿದ್ದರು. ಮಂಚ ಹಾಕಿದ್ದ ಪುಟ್ಟ ಕೋಣೆಯಲ್ಲಿ ಬುದ್ಧಿ ಬೆಳೆಯದ ಕುಳ್ಳ ರೋಗಿಯೊಬ್ಬನಿದ್ದ. ಮನೆಯವರಿಲ್ಲದಾಗ ಮತ್ತೆ ರಕ್ತ ಸುರಿಯತೊಡಗಿತು, ಕರೆಗಂಟೆ ಕೆಟ್ಟಿತ್ತು. ಓಡಿಹೋಗಿ ದಾದಿಯನ್ನು ಕರೆತಂದು ಪ್ರಾಣ ಉಳಿಸಿದವನು ಆತನೇ.

ಅಕ್ಟೋಬರ್‌ನಲ್ಲಿ ಹಾನ್ಸ್ ಪಿಚ್ಲರ್ ಎಂಬ ನುರಿತ ಶಸ್ತ್ರವೈದ್ಯರು ಬಲಗಡೆಯ ಮೇಲ್ದವಡೆ ಹಾಗೂ ಅಂಗುಳಿನ ಬಹುಭಾಗ ತೆಗೆದರು. ಮೂಗಿನ ಕುಳಿಯನ್ನೂ ಬಾಯಿಯನ್ನೂ ಬೇರ್ಪಡಿಸಲು ಕೃತಕ ದವಡೆ ಕೂರಿಸಬೇಕಾಯಿತು. ಅದನ್ನು ತೆಗೆದು ಹಾಕುವುದೇ ನಿತ್ಯದ ಯಾತನೆ. ಮಗಳು ಆನ್ನಾ ಆ ಸೇವೆಗೆ ನಿಂತರು. ಮಾತು ತೊದಲಿತು, ಬಲಗಿವಿ ಮಂದವಾಯಿತು. ಬಾಯಿ ಸರಿಯಾಗಿ ತೆರೆಯದಾದಾಗ ಬಟ್ಟೆ ಸಿಕ್ಕಿಸುವ ಕ್ಲಿಪ್ಪನ್ನು ಹಲ್ಲುಗಳ ನಡುವೆ ತೂರಿಸಿ ಚುಟ್ಟಕ್ಕೆ ಜಾಗ ಮಾಡಿಕೊಳ್ಳುತ್ತಿದ್ದರಂತೆ. 16 ವರ್ಷಗಳಲ್ಲಿ 30ಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳಾದವು.

1930ರಲ್ಲಿ ಹೃದಯದ ತೊಂದರೆ ಮರುಕಳಿಸಿದಾಗ ಮತ್ತೆ ಬಿಟ್ಟರು. ಕೆಲವು ವಾರ ಕಳೆಯಿತು. ಬಳಿಕ ದಿನಕ್ಕೊಂದು, ಆಮೇಲೆ ಎರಡು, ಮೂರು... ಹಳೆಯ ಕತೆ.

ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ಅಂಕಿ ಅಂಶಗಳಿಂದ ಗಟ್ಟಿಯಾಗಿ ತೋರಿಸಿದ ಬ್ರಿಟನ್, ಅಮೆರಿಕದ ಅಧ್ಯಯನಗಳು ಬಂದದ್ದು 1950ರಲ್ಲಿ. ನಿಕೋಟಿನ್ ವ್ಯಸನಕಾರಿ ಎಂದು ಅಮೆರಿಕದ ಸರ್ಜನ್ ಜನರಲ್ ಅಧಿಕೃತವಾಗಿ ಸಾರಿದ್ದು 1988ರಲ್ಲಿ. ಅವರ ಕಾಲಕ್ಕೆ ಇದು ಮನೋಬಲದ ಪ್ರಶ್ನೆ ಮಾತ್ರವಾಗಿತ್ತು. ಮನೋಬಲದ ಕೊರತೆ ಅವರಲ್ಲಿತ್ತು ಎನ್ನುವುದು ಕಷ್ಟ. ನೋವು ತಿನ್ನುತ್ತಿದ್ದಾಗಲೂ ಮಂಕು ಕವಿಸುವ ಔಷಧ ಬೇಡವೆಂದು ದೂಡಿ ರೋಗಿಗಳನ್ನು ನೋಡುತ್ತ, ಬರೆಯುತ್ತ ಕುಳಿತವರು ಅವರು.

1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡರು. ಯಹೂದಿಯಾದ ಫ್ರಾಯ್ಡ್ ಊರು ಬಿಡುವ ಸಿದ್ಧತೆಯಲ್ಲಿದ್ದರು. ಏಪ್ರಿಲ್ 19 ತಮ್ಮ ಅಲೆಕ್ಸಾಂಡರ್ ಅವರ 72ನೇ ಹುಟ್ಟುಹಬ್ಬ. ತಾವು ವರ್ಷಗಳಿಂದ ಕೂಡಿಟ್ಟಿದ್ದ ಉತ್ತಮ ಚುಟ್ಟಗಳನ್ನೆಲ್ಲ ಅಂದು ತಮ್ಮನಿಗೆ ಕೊಟ್ಟರು. ಆ ಸುಖ ತಮಗಿನ್ನಿಲ್ಲ, ತಮ್ಮನಿಗಾದರೂ ಇರಲಿ ಎಂಬುದು ಜತೆಗಿದ್ದ ಪತ್ರದ ಇಂಗಿತ. ಜೂನ್‌ನಲ್ಲಿ ಫ್ರಾಯ್ಡ್ ಲಂಡನ್ ಸೇರಿದರು. 1939ರ ಸೆಪ್ಟೆಂಬರ್ 23ರಂದು ಅಲ್ಲಿನ ಮನೆಯಲ್ಲಿ ಕೊನೆಯುಸಿರೆಳೆದರು.