ಪುರಭವನದ ಹೆಸರಿನ ಹಿಂದಿರುವ ಶರಣಜೀವಿ: ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿ



ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಿಂದ ಓದಿಗಾಗಿ, ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೋದ ಮಕ್ಕಳು ಅನೇಕರಿದ್ದಾರೆ. ಅವರೆಲ್ಲರೂ ಒಮ್ಮೆಯಾದರೂ ಜೆ. ಸಿ. ರಸ್ತೆಯ ತುದಿಯಲ್ಲಿ ಎತ್ತರದ ಕಂಬಗಳ ಸಾಲನ್ನು ಹೊತ್ತು ನಿಂತಿರುವ ಕಲ್ಲಿನ ಭವನವನ್ನು ಕಂಡಿರುತ್ತಾರೆ. ಎಲ್ಲರ ಬಾಯಲ್ಲೂ ಅದು ಟೌನ್ ಹಾಲ್. ಅದರ ಪೂರ್ಣ ಹೆಸರು ಸರ್ ಪುಟ್ಟಣ್ಣ ಚೆಟ್ಟಿ ಪುರಭವನ. ಆಡುಮಾತಿನಲ್ಲಿ ಭವನ ಉಳಿದುಕೊಂಡಿತು, ಮನುಷ್ಯ ಮರೆಯಾದರು. ಅವರು ನಮ್ಮ ಸಮಾಜದವರೆಂಬುದೂ ಈ ಭಾಗದ ಹೆಚ್ಚಿನವರಿಗೆ ತಿಳಿಯದು.

ವಿಶ್ವಕೋಶಗಳಲ್ಲಿ ಇಂಥವರ ಬದುಕು ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಜನನ, ಹುದ್ದೆ, ಬಿರುದು, ನಿಧನ. ಅಲ್ಲಿಗೆ ಲೆಕ್ಕ ಚುಕ್ತಾ. ಅಂಥ ಸಾಲುಗಳು ತಪ್ಪೆಂದಲ್ಲ. ಆದರೆ ಒಂದು ಹುದ್ದೆಯನ್ನು ಯಾವಾಗ, ಯಾವ ಸ್ಥಿತಿಯಲ್ಲಿ, ಯಾವ ಪ್ರತಿಫಲಕ್ಕಾಗಿ ವಹಿಸಿಕೊಂಡರು ಎಂಬುದನ್ನು ಅವು ಹೇಳುವುದಿಲ್ಲ. ಪುಟ್ಟಣ್ಣ ಚೆಟ್ಟಿಯವರ ವಿಷಯದಲ್ಲಿ ತಿಳಿಯಬೇಕಾದದ್ದು ಅದೇ.

ಅವರು ಜನಿಸಿದ್ದು 1856ರಲ್ಲಿ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂದಾಗ ಅವರು ಇಪ್ಪತ್ತೈದರ ತರುಣ. ಸಂಸ್ಥಾನದ ಸೇವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಕೊನೆಗೆ ಮಹಾರಾಜರ ಕೌನ್ಸಿಲಿನ ಸದಸ್ಯತ್ವದವರೆಗೆ ಬೆಳೆದರು. ರಾಜಸಭಾಭೂಷಣ, ದಿವಾನ್ ಬಹದ್ದೂರ್ ಎಂಬ ಗೌರವಗಳು ಅವರ ಹೆಸರಿನೊಡನೆ ಸೇರಿದವು. ಇಂಗ್ಲಿಷ್ ವಿದ್ಯೆ ಕಲಿತು ಅಧಿಕಾರಸ್ಥಾನ ಮುಟ್ಟಿದ ಲಿಂಗಾಯತರು ಆ ದಿನಗಳಲ್ಲಿ ಬೆರಳೆಣಿಕೆಯಷ್ಟು. ವ್ಯಾಪಾರ, ಒಕ್ಕಲುತನಗಳಲ್ಲಿ ಗಟ್ಟಿಯಾಗಿದ್ದ ಸಮಾಜವು ಶಾಲೆ ಕಚೇರಿಗಳಲ್ಲಿ ಹಿಂದೆ ಬಿದ್ದಿತ್ತು.

ಏಣಿ ಹತ್ತಿದವರು ಅದನ್ನು ಎಳೆದುಕೊಳ್ಳಲಿಲ್ಲ ಎಂಬುದೇ ಅವರ ಹಿರಿಮೆ. 1905ರಲ್ಲಿ ಮೈಸೂರು ಸಂಸ್ಥಾನದ ಲಿಂಗಾಯತ ವಿದ್ಯಾರ್ಥಿಗಳ ನೆರವಿಗಾಗಿ ವಿದ್ಯಾನಿಧಿ ಸಂಸ್ಥೆಯೊಂದು ಹುಟ್ಟಿತು. ಅದರ ಮುಂಚೂಣಿಯಲ್ಲಿ ಪುಟ್ಟಣ್ಣ ಚೆಟ್ಟಿಯವರಿದ್ದರು. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ 1897ರಲ್ಲಿ ಛತ್ರ ಕಟ್ಟಿಸಿ, ತಮ್ಮ ಆಸ್ತಿಯನ್ನು ಧರ್ಮಕ್ಕೆ ಮುಡಿಪಾಗಿಟ್ಟ ಗುಬ್ಬಿ ತೋಟದಪ್ಪನವರ ಹೆಸರನ್ನು ಎಲ್ಲರೂ ಬಲ್ಲರು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು. ಆ ಧರ್ಮಸಂಸ್ಥೆಯ ಹೊಣೆ ಹೊತ್ತು ನಡೆಸಿದವರಲ್ಲಿ ಪುಟ್ಟಣ್ಣ ಚೆಟ್ಟಿಯವರು ಪ್ರಮುಖರು. ದಾನ ಕೊಡುವುದು ಒಂದು ದೊಡ್ಡತನವಾದರೆ, ದಾನಿಯ ಸಂಕಲ್ಪ ಕೆಡದಂತೆ ಕಾಯುವುದು ಇನ್ನೊಂದು ದೊಡ್ಡತನ. ನಮ್ಮ ಭಾಗದ ಹಿರಿಯರಲ್ಲಿ ಎಷ್ಟೋ ಜನರು ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು. ಅವರಿಗೆ ಈ ಮಾತಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಗರಸಭೆಯ ವಿಷಯ. ಬೆಂಗಳೂರಿನಲ್ಲಿ ಒಂಬತ್ತು ಮಂದಿ ಗಣ್ಯರ ಪೌರಮಂಡಲಿ 1862ರಲ್ಲಿಯೇ ಆರಂಭವಾಗಿತ್ತು. 1881ರಲ್ಲಿ ಪೇಟೆಗೂ ದಂಡುಪ್ರದೇಶಕ್ಕೂ ಬೇರೆ ಬೇರೆ ಸಭೆಗಳಾದವು. ಪೇಟೆಯ ನಗರಸಭೆಗೆ ಗೌರವ ಅಧ್ಯಕ್ಷರ ಸ್ಥಾನವೆಂಬುದು ಏರ್ಪಟ್ಟದ್ದು 1913ರಲ್ಲಿ. ಅದನ್ನು ಮೊದಲು ವಹಿಸಿಕೊಂಡವರು ಪುಟ್ಟಣ್ಣ ಚೆಟ್ಟಿಯವರು. ಆಗ ಅವರಿಗೆ 57 ವರ್ಷ. ಸಂಸ್ಥಾನದ ಅತ್ಯುನ್ನತ ಹುದ್ದೆಗಳನ್ನು ಕಂಡು ಬಂದವರು ಚರಂಡಿ, ಬೀದಿದೀಪ, ಕುಡಿಯುವ ನೀರು, ಕಸ, ಪೇಟೆಯ ಸುಂಕಗಳ ಹೊಣೆಯನ್ನು ಸಂಬಳವಿಲ್ಲದೆ ಹೊತ್ತರು. ಇದು ಮೇಲಿನಿಂದ ಕೆಳಗಿಳಿದದ್ದೇ? ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದವರಿಗೆ ಹಾಗೆ ತೋರಲಾರದು.

ಆ ವರ್ಷಗಳು ಸುಲಭದವಾಗಿರಲಿಲ್ಲ. 1894ರಿಂದ ಹೆಸರಘಟ್ಟದ ನೀರು ನಗರಕ್ಕೆ ಬರುತ್ತಿತ್ತು, 1905ರಿಂದ ವಿದ್ಯುದ್ದೀಪಗಳು ಉರಿಯುತ್ತಿದ್ದವು. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆಯುತ್ತಿದ್ದವು. ಬೆಳೆಯುವ ಊರಿಗೆ ಎಲ್ಲವೂ ಬೇಕು. ನಗರಸಭೆಯ ಬೊಕ್ಕಸ ಮಾತ್ರ ಅಷ್ಟಕ್ಕಷ್ಟೇ. ಅಷ್ಟರಲ್ಲಿ 1914ರಲ್ಲಿ ಮಹಾಯುದ್ಧ ಆರಂಭವಾಯಿತು, ದಿನಸಿಯ ಬೆಲೆ ಏರಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂದೆರಗಿತು. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದಾಗ ಗಂಜಿ ಕಾಯಿಸುವವರೂ ಇಲ್ಲದ ಪರಿಸ್ಥಿತಿ. ಔಷಧವನ್ನೂ ಗಂಜಿಯನ್ನೂ ಬಡವರ ಮನೆಬಾಗಿಲಿಗೆ ಮುಟ್ಟಿಸುವ ಕೆಲಸದಲ್ಲಿ ನಗರಸಭೆಯೂ ಸ್ವಯಂಸೇವಕರೂ ಕೈಜೋಡಿಸಿದರು. ಕೆಲವು ವರ್ಷಗಳ ಹಿಂದೆ ಕೊರೋನಾ ಕಾಲವನ್ನು ಕಂಡ ನಮಗೆ, ಅಂಥ ಹೊತ್ತಿನಲ್ಲಿ ಊರಿನ ಆಡಳಿತದ ಚುಕ್ಕಾಣಿ ಹಿಡಿದವರ ಮೇಲಿನ ಭಾರ ಎಂಥದೆಂಬುದು ಅರ್ಥವಾಗುತ್ತದೆ.

ಅದೇ 1913ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕ್ ಸ್ಥಾಪನೆಯಾಯಿತು. ಅದನ್ನು ಆರಂಭದಲ್ಲಿ ಕಟ್ಟಿ ನಿಲ್ಲಿಸಿದ ಹಿರಿಯರಲ್ಲಿಯೂ ಪುಟ್ಟಣ್ಣ ಚೆಟ್ಟಿಯವರಿದ್ದರು. ಜನ ತಮ್ಮ ಗಂಟನ್ನು ನಂಬಿ ಇಡಬಲ್ಲ ಹೆಸರು ಹೊಸ ಬ್ಯಾಂಕಿಗೆ ಬೇಕಿತ್ತು.

ಅಭಿಮಾನದ ಭರದಲ್ಲಿ ನಾವು ಮಾಡಬಾರದ ಮೂರು ತಪ್ಪುಗಳನ್ನು ಇಲ್ಲಿ ಹೇಳುವುದು ಯುಕ್ತ. ಮೊದಲನೆಯದು, ಅವರನ್ನು ಬೆಂಗಳೂರಿನ ಮೊದಲ ಮೇಯರ್ ಎಂದು ಕರೆಯುವುದು. ಮೇಯರ್ ಪದವಿ ಬಂದದ್ದು 1949ರಲ್ಲಿ ಎರಡೂ ನಗರಸಭೆಗಳು ಸೇರಿ ಕಾರ್ಪೊರೇಷನ್ ಆದ ಮೇಲೆ. ಮೊದಲ ಮೇಯರ್ ಆರ್. ಸುಬ್ಬಣ್ಣನವರು. ಎರಡನೆಯದು, ಜನ ಅವರನ್ನು ಚುನಾಯಿಸಿದರೆಂದು ಬರೆಯುವುದು. ಅಧ್ಯಕ್ಷ ಸ್ಥಾನವು ಚುನಾಯಿತ ಸ್ಥಾನವಾದದ್ದು ಏಳು ವರ್ಷಗಳ ನಂತರ, 1920ರಲ್ಲಿ. ಅವರಿಗೆ ಅಧಿಕಾರ ಬಂದದ್ದು ಸರ್ಕಾರದ ವಿಶ್ವಾಸದಿಂದ. ಮತ ಕೇಳಿ ಜನರಿಗೆ ಲೆಕ್ಕ ಒಪ್ಪಿಸಬೇಕಾದ ಕಟ್ಟುಪಾಡು ಆಗ ಇರಲಿಲ್ಲ. ಅದಿಲ್ಲದೆಯೂ ಹೊಣೆಯರಿತು ನಡೆದರೆಂಬುದೇ ನಾವು ಹೇಳಬಹುದಾದ ಮಾತು. ಮೂರನೆಯದು, ಪುರಭವನ ಅವರ ಅಧ್ಯಕ್ಷಾವಧಿಯ ಕಟ್ಟಡವೆಂದು ತಿಳಿಯುವುದು. ಅದರ ಅಡಿಗಲ್ಲು ಬಿದ್ದದ್ದು 1933ರಲ್ಲಿ, ಉದ್ಘಾಟನೆ 1935ರಲ್ಲಿ. ಆ ವೇಳೆಗೆ ಅವರು ಅಧಿಕಾರ ಬಿಟ್ಟು ಒಂದು ದಶಕವೇ ಕಳೆದಿತ್ತು.

ಹಿರಿಯರಿಗೆ ಇಲ್ಲದ ಗೌರವವನ್ನು ಅಂಟಿಸುವುದು ಭಕ್ತಿಯಲ್ಲ. ಒಂದು ಸುಳ್ಳು ಸಿಕ್ಕರೆ ಓದುವವರು ಒಂಬತ್ತು ನಿಜಗಳನ್ನೂ ಸಂಶಯಿಸುತ್ತಾರೆ. ಪುಟ್ಟಣ್ಣ ಚೆಟ್ಟಿಯವರಿಗೆ ನಿಜವೇ ಸಾಕು.

1925ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಪುರಭವನ ತೆರೆದಾಗ ಅವರು 79ರ ವೃದ್ಧರು. ಮೂರು ವರ್ಷಗಳ ತರುವಾಯ, 1938ರಲ್ಲಿ, ಲಿಂಗೈಕ್ಯರಾದರು. ಅಧಿಕಾರ ಬಿಟ್ಟ ಮೇಲೆ ನಮಸ್ಕಾರವೂ ಸಿಗದ ಲೋಕದಲ್ಲಿ, ಎಂದೋ ಕುರ್ಚಿ ಬಿಟ್ಟವರ ಹೆಸರನ್ನು ಊರು ತನ್ನ ಸಭಾಭವನಕ್ಕೆ ಇಟ್ಟುಕೊಂಡಿತು. ಆ ಹೆಸರಿಗೆ ಅವರ ಸೇವೆಯ ಬಲವಲ್ಲದೆ ಅಧಿಕಾರದ ಬಲವಿರಲಿಲ್ಲ.

ಅವರ ಕಾಲದಲ್ಲಿ ನಮ್ಮ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅವರ ಕೈ ನಮ್ಮವರೆಗೆ ಚಾಚಿರಲಿಲ್ಲ. ಆದರೂ ಅವರ ಬದುಕು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ. ನಮ್ಮ ಊರುಗಳಿಂದಲೂ ಓದಿ ದೊಡ್ಡ ಹುದ್ದೆಗೆ ಹೋದವರು ನಿವೃತ್ತರಾಗಿ ಮರಳುತ್ತಿದ್ದಾರೆ. ಪುರಸಭೆಯ, ಪಂಚಾಯಿತಿಯ ಕೆಲಸ ತಮಗೆ ತಕ್ಕುದಲ್ಲವೆಂದು ಅವರು ಮನೆಯಲ್ಲಿ ಕುಳಿತರೆ, ಆ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ? ನಲ್ಲಿಗೆ ನೀರು ಬಾರದಿದ್ದಾಗ ದೂರುವುದಷ್ಟೇ ನಮ್ಮ ಪಾಲೇ? ಮಠದ ದಾಸೋಹದಲ್ಲಿ ಬಡಿಸಲು ನಿಲ್ಲುವ ಕೈ ಊರಿನ ಕೆಲಸಕ್ಕೂ ನಿಲ್ಲಬೇಕು.

ಮುಂದೆ ಆ ಭವನದ ಮುಂದೆ ಹಾದುಹೋಗುವಾಗ ಮಕ್ಕಳಿಗೆ ಅದರ ಪೂರ್ಣ ಹೆಸರನ್ನು ಹೇಳಿರಿ. ಹೆಸರಿನೊಡನೆ ಅವರು ಸಂಬಳವಿಲ್ಲದೆ ಊರನ್ನು ಕಾಯ್ದದ್ದನ್ನೂ ಹೇಳಿರಿ.