ಹದಿಮೂರು ಸಾಲು, ಏಳು ಕಾಲಂ

ಹೊಸ ಸೆಮಿಸ್ಟರ್ ಶುರುವಾದ ಮೊದಲ ವಾರ ನಮ್ಮ ಹಾಸ್ಟೆಲಿನ ಗೋಡೆಗಳನ್ನು ನೋಡಬೇಕು. ಒಬ್ಬನ ಮಂಚದ ಮೇಲೆ ಬೆಳಿಗ್ಗೆ ಐದಕ್ಕೆ ಏಳುವ ಪ್ರತಿಜ್ಞೆ, ಇನ್ನೊಬ್ಬನ ಟೇಬಲ್ ಮುಂದೆ ಒಂಬತ್ತು ಪಾಯಿಂಟರ್, ಗೇಟ್, ಜಿಮ್, ಗಿಟಾರ್, ಜರ್ಮನ್ ಭಾಷೆ ಎಲ್ಲವೂ ಒಂದೇ ಹಾಳೆಯಲ್ಲಿ. ಮೊದಲ ಇಂಟರ್ನಲ್ಸ್ ಬರುವಷ್ಟರಲ್ಲಿ ಆ ಹಾಳೆಯ ಮೇಲೆ ಒದ್ದೆ ಟವೆಲ್ ನೇತಾಡ್ತಾ ಇರುತ್ತೆ. ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಒಳ್ಳೇ ಪದ ಇದೆ: ಆರಂಭಶೂರತ್ವ. ಈ ಶೌರ್ಯದಲ್ಲಿ ನಾವ್ಯಾರೂ ಕಮ್ಮಿ ಇಲ್ಲ.

ಹಾಗಾಗಿ ಈ ಸಂಚಿಕೆಗೆ, ಪಟ್ಟಿ ಮಾಡಿ ಅದನ್ನು ಜೀವನಪೂರ್ತಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ ಒಬ್ಬರ ಕಥೆ ಹೇಳೋಣ ಅನ್ನಿಸಿತು. ನೂರು ಡಾಲರ್ ನೋಟಿನ ಮೇಲೆ ಇರುವ ಮುಖ ಅವರದೇ. ಗುಡುಗು ಮಳೆಯಲ್ಲಿ ಗಾಳಿಪಟ ಹಾರಿಸಿದವರು ಅಂತ ನಾವು ಹೈಸ್ಕೂಲಿನಲ್ಲೇ ಓದಿದ್ದೇವೆ. ಬೆಂಜಮಿನ್ ಫ್ರಾಂಕ್ಲಿನ್. ಆದರೆ ಇವತ್ತು ನಮಗೆ ಬೇಕಾಗಿರೋದು ಗಾಳಿಪಟ ಅಲ್ಲ, ಅವರ ಒಂದು ಪುಟ್ಟ ನೋಟ್‌ಬುಕ್.

1706ರ ಜನವರಿ 17ರಂದು ಬಾಸ್ಟನ್ ಊರಿನಲ್ಲಿ ಆ ಹುಡುಗ ಹುಟ್ಟಿದ. ಆಗ ಅಮೆರಿಕ ಅನ್ನೋ ದೇಶವೇ ಇರಲಿಲ್ಲ, ಅದೆಲ್ಲ ಬ್ರಿಟಿಷರ ವಸಾಹತು. ಅಪ್ಪ ಜೋಸಯಾ ಸೋಪು, ಮೇಣದಬತ್ತಿ ಮಾಡಿ ಮಾರುತ್ತಿದ್ದ. ಎರಡು ಮದುವೆಯಿಂದ ಅವನಿಗೆ ಒಟ್ಟು 17 ಮಕ್ಕಳು, ಬೆಂಜಮಿನ್ 15ನೆಯವನು. ಅಷ್ಟು ದೊಡ್ಡ ಸಂಸಾರದಲ್ಲಿ ಓದಿಗೆ ದುಡ್ಡೆಲ್ಲಿಂದ ಬರಬೇಕು? ಎರಡು ವರ್ಷ ಶಾಲೆಗೆ ಹೋಗಿದ್ದೇ ಬಂತು, ಹತ್ತನೇ ವಯಸ್ಸಿಗೆ ಅಪ್ಪನ ಅಂಗಡಿಯಲ್ಲಿ ಬತ್ತಿ ಕತ್ತರಿಸುವ ಕೆಲಸ. 12ಕ್ಕೆ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಅಪ್ರೆಂಟಿಸ್.

ಆ ಹುಡುಗನಿಗೆ ತನಗೆ ತಾನೇ ಸಿಲೆಬಸ್ ಹಾಕಿಕೊಳ್ಳುವ ಅಭ್ಯಾಸ ಶುರುವಾಗಿದ್ದು ಅಲ್ಲಿ. ಚೆನ್ನಾಗಿ ಬರೆಯೋದು ಕಲೀಬೇಕು ಅನ್ನಿಸಿತು. ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯ ಪ್ರಬಂಧಗಳನ್ನು ಓದಿ, ಒಂದೊಂದು ವಾಕ್ಯಕ್ಕೂ ಚಿಕ್ಕ ಸುಳಿವು ಬರೆದಿಟ್ಟು, ಕೆಲವು ದಿನ ಬಿಟ್ಟು ಆ ಸುಳಿವುಗಳಿಂದಲೇ ಇಡೀ ಪ್ರಬಂಧವನ್ನು ಮತ್ತೆ ಬರೆಯೋದು. ಆಮೇಲೆ ಮೂಲದ ಪಕ್ಕದಲ್ಲಿಟ್ಟು ತಪ್ಪು ಹುಡುಕೋದು. ಪುಸ್ತಕಕ್ಕೆ ದುಡ್ಡು ಬೇಕಲ್ಲ, ಅದಕ್ಕೂ ಒಂದು ಉಪಾಯ. 16ರ ವಯಸ್ಸಿನಲ್ಲಿ ಮಾಂಸ ಬಿಟ್ಟ. ಊಟಕ್ಕೆ ಅಂತ ಅಣ್ಣ ಖರ್ಚು ಮಾಡ್ತಿದ್ದ ಹಣದಲ್ಲಿ ಅರ್ಧ ಕೈಗೆ ಕೊಟ್ಟರೆ ಸಾಕು, ನಾನೇ ನೋಡ್ಕೋತೀನಿ ಅಂದ. ಅದರಲ್ಲೂ ಅರ್ಧ ಉಳಿಸಿ ಪುಸ್ತಕ ಕೊಂಡ. ಮೆಸ್ ಬಿಲ್ ಉಳಿಸಿ ಪುಸ್ತಕ ತಗೊಳ್ಳೋರು ಆಗಲೂ ಇದ್ದರು ಅಂತಾಯ್ತು.

ಅಣ್ಣನ ಏಟು ತಡೆಯಲಾರದೆ 1723ರಲ್ಲಿ, 17ನೇ ವಯಸ್ಸಿನಲ್ಲಿ, ಬಾಸ್ಟನ್ ಬಿಟ್ಟು ಓಡಿ ಫಿಲಡೆಲ್ಫಿಯಾ ಸೇರಿದ. ಅಲ್ಲಿಂದ ಮುಂದಿನ ವರ್ಷ ಲಂಡನ್ನು. ಊರಿನ ಗವರ್ನರ್ ಕೊಡ್ತೀನಿ ಅಂದಿದ್ದ ಸಾಲಪತ್ರಗಳು ಬರಲೇ ಇಲ್ಲ, ಬರಿಗೈಯಲ್ಲಿ ಪರದೇಶ. ಹೇಗೋ ಅಲ್ಲಿನ ಮುದ್ರಣಾಲಯಗಳಲ್ಲಿ ದುಡಿದು 1726ರಲ್ಲಿ ಹಡಗು ಹತ್ತಿ ವಾಪಸ್ ಹೊರಟಾಗ ವಯಸ್ಸು 20. ಆ ಸಮುದ್ರಯಾನದಲ್ಲೇ ಮೊದಲ ಪಟ್ಟಿ ಹುಟ್ಟಿದ್ದು. ಇದುವರೆಗೆ ನನ್ನ ಬದುಕು ಗೊತ್ತುಗುರಿ ಇಲ್ಲದ ಕಲಸುಮೇಲೋಗರ ಆಗಿತ್ತು ಅಂತ ಒಪ್ಪಿಕೊಂಡು ನಾಲ್ಕೇ ನಾಲ್ಕು ನಿರ್ಧಾರ: ಸಾಲ ತೀರುವವರೆಗೆ ಬಿಗಿಯಾಗಿ ಬದುಕೋದು, ನಿಜ ಹೇಳೋದು, ದಿಢೀರ್ ಶ್ರೀಮಂತಿಕೆಯ ಹಿಂದೆ ಹೋಗದೆ ಕೈಹಿಡಿದ ಕೆಲಸ ಮಾಡೋದು, ಯಾರ ಬಗ್ಗೆಯೂ ಕೆಟ್ಟದ್ದು ಆಡದಿರೋದು.

ನಾಲ್ಕು ಸಾಕಾಗಲಿಲ್ಲ. 1730ರ ಸುಮಾರಿಗೆ, ಫಿಲಡೆಲ್ಫಿಯಾದಲ್ಲಿ ಸ್ವಂತ ಪ್ರೆಸ್ಸು, ಸ್ವಂತ ಪತ್ರಿಕೆ ಎಲ್ಲ ಆದ ಮೇಲೆ, ಫ್ರಾಂಕ್ಲಿನ್ ಅವರಿಗೆ ಇನ್ನೊಂದು ಹುಚ್ಚು ಹತ್ತಿತು. ಒಂದೂ ತಪ್ಪು ಮಾಡದೆ ಬದುಕೋದು! ಅದಕ್ಕಾಗಿ 12 ಗುಣಗಳ ಪಟ್ಟಿ ಮಾಡಿದರು. ಮಿತಾಹಾರ, ಮೌನ, ಅಚ್ಚುಕಟ್ಟು, ದೃಢನಿರ್ಧಾರ, ಮಿತವ್ಯಯ, ದುಡಿಮೆ, ಪ್ರಾಮಾಣಿಕತೆ, ನ್ಯಾಯ, ಸಂಯಮ, ಶುಚಿತ್ವ, ಶಾಂತಚಿತ್ತ, ಶೀಲ. ಇದನ್ನು ನೋಡಿದ ಒಬ್ಬ ಗೆಳೆಯ, ನಿನಗೆ ಅಹಂಕಾರ ಜಾಸ್ತಿ ಅಂತ ಊರೆಲ್ಲ ಮಾತಾಡ್ತಾರೆ ಕಣಯ್ಯ ಅನ್ನುವ ಅರ್ಥದಲ್ಲಿ ಮೆಲ್ಲಗೆ ತಿವಿದ. ಪಟ್ಟಿಗೆ 13ನೆಯದು ಸೇರಿತು: ವಿನಯ.

ಈಗ ಎಂಜಿನಿಯರುಗಳಾದ ನಮಗೆ ಇಷ್ಟ ಆಗುವ ಭಾಗ. 13ನ್ನೂ ಒಟ್ಟಿಗೆ ಸಾಧಿಸೋಕೆ ಹೋದರೆ ಒಂದನ್ನು ಕಾಯುವಾಗ ಇನ್ನೊಂದು ಕೈ ಜಾರುತ್ತೆ ಅಂತ ಅವರಿಗೆ ಬೇಗ ಗೊತ್ತಾಯಿತು. ಅದಕ್ಕೆ ಒಂದು ಪುಟ್ಟ ಪುಸ್ತಕ ಮಾಡಿದರು. ಪ್ರತಿ ಪುಟದಲ್ಲೂ ಕೆಂಪು ಶಾಯಿಯ ಗೆರೆ, ವಾರದ ದಿನಗಳಿಗೆ ಏಳು ಕಾಲಂ, ಗುಣಗಳಿಗೆ ಹದಿಮೂರು ಸಾಲು. ಸಂಜೆ ಕೂತು, ಆ ದಿನ ಎಲ್ಲಿ ತಪ್ಪಿದೆಯೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ಒಂದು ವಾರಕ್ಕೆ ಒಂದು ಗುಣದ ಮೇಲೆ ಮಾತ್ರ ಪೂರ್ತಿ ಗಮನ, ಉಳಿದವು ಎಂದಿನಂತೆ. ಆ ಸಾಲು ಖಾಲಿ ಉಳಿದರೆ ಮುಂದಿನ ವಾರ ಮುಂದಿನ ಗುಣ. ಇಡೀ ತೋಟದ ಕಳೆ ಒಂದೇ ದಿನ ಕೀಳದೆ ಪಾತಿಯಿಂದ ಪಾತಿಗೆ ಹೋಗೋ ಲೆಕ್ಕ. 13 ವಾರಕ್ಕೆ ಒಂದು ಸುತ್ತು, ವರ್ಷದ 52 ವಾರಕ್ಕೆ ಸರಿಯಾಗಿ ನಾಲ್ಕು ಸುತ್ತು.

ಪಟ್ಟಿಯ ಕ್ರಮವೂ ಸುಮ್ಮನೆ ಬಂದಿದ್ದಲ್ಲ. ಊಟ, ಕುಡಿತದಲ್ಲಿ ಹಿಡಿತವಿದ್ದರೆ ತಲೆ ತಿಳಿಯಾಗಿರುತ್ತೆ, ತಲೆ ತಿಳಿಯಾಗಿದ್ದರೆ ಮೌನ ಸುಲಭ, ಹೀಗೆ ಒಂದರ ಔಟ್‌ಪುಟ್ಟು ಇನ್ನೊಂದರ ಇನ್‌ಪುಟ್ಟು.

ಫಲಿತಾಂಶ? ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಚುಕ್ಕೆಗಳು. ಹಳೇ ಚುಕ್ಕೆ ಕೆರೆದು ಹೊಸ ಸುತ್ತು ಶುರು ಮಾಡಿ ಮಾಡಿ ಕಾಗದವೆಲ್ಲ ತೂತು. ಕೊನೆಗೆ ಗೆರೆಗಳನ್ನು ದಂತದ ಹಾಳೆಗಳ ಮೇಲೆ ಬರೆಸಿ, ಚುಕ್ಕೆಯನ್ನು ಪೆನ್ಸಿಲಿನಲ್ಲಿ ಇಟ್ಟು, ಒದ್ದೆ ಸ್ಪಂಜಿನಿಂದ ಒರೆಸುವ ವ್ಯವಸ್ಥೆ ಮಾಡಿಕೊಂಡರು. ಎಲ್ಲಕ್ಕಿಂತ ಕಾಡಿದ್ದು ಅಚ್ಚುಕಟ್ಟು. ಐದಕ್ಕೆ ಏಳೋದು, ಎಂಟರಿಂದ ಹನ್ನೆರಡು ಕೆಲಸ, ಎರಡರಿಂದ ಆರು ಮತ್ತೆ ಕೆಲಸ, ಹತ್ತಕ್ಕೆ ನಿದ್ದೆ ಅಂತ ವೇಳಾಪಟ್ಟಿ ಇತ್ತು. ಆದರೆ ಗಿರಾಕಿಗಳು ಆ ವೇಳಾಪಟ್ಟಿ ಓದಿಕೊಂಡು ಬರ್ತಾರಾ? ಸಾಮಾನು ಜಾಗದಲ್ಲಿ ಇಡುವ ಅಭ್ಯಾಸವಂತೂ ಕೊನೆಯವರೆಗೂ ಬರಲಿಲ್ಲ.

ಈ ಸೋಲನ್ನು ಅವರು ಒಂದು ಕೊಡಲಿಯ ಕಥೆಯಾಗಿ ಹೇಳಿಕೊಂಡಿದ್ದಾರೆ. ಒಬ್ಬನಿಗೆ ತನ್ನ ಕೊಡಲಿ ಅಲಗಿನಷ್ಟೇ ಮೈಯೆಲ್ಲ ಹೊಳೀಬೇಕು ಅಂತ ಆಸೆ. ಕಮ್ಮಾರ ಒಪ್ಪಿದ, ಆದರೆ ಸಾಣೆಯ ಚಕ್ರ ನೀನೇ ತಿರುಗಿಸಬೇಕು ಅಂದ. ತಿರುಗಿಸಿ ತಿರುಗಿಸಿ ಸುಸ್ತಾಗಿ ಆ ಮನುಷ್ಯ ಬಂದು ನೋಡಿದರೆ ಇನ್ನೂ ಅಲ್ಲಲ್ಲಿ ಕಲೆ. ಸಾಕು ಬಿಡಪ್ಪ, ನನಗೆ ಕಲೆ ಇರೋ ಕೊಡಲಿನೇ ಇಷ್ಟ ಅಂತ ಎತ್ತಿಕೊಂಡು ಹೋದ. ಟವೆಲ್ ಒಣಗಿಸುವ ನಮ್ಮ ಹಾಸ್ಟೆಲ್ ಪಟ್ಟಿಗಳೂ ಹೀಗೇ ಅಲ್ವಾ!

ಆದರೂ ಫ್ರಾಂಕ್ಲಿನ್ ಪುಸ್ತಕ ಎಸೆಯಲಿಲ್ಲ. ಮೊದಮೊದಲು ಬಿಡದೆ, ಆಮೇಲೆ ವರ್ಷಕ್ಕೆ ಒಂದು ಸುತ್ತು, ಆಮೇಲೆ ಹಲವು ವರ್ಷಕ್ಕೊಂದು. ಕೊನೆಗೆ ಸುತ್ತು ನಿಂತುಹೋಯಿತು, ಪುಸ್ತಕ ಮಾತ್ರ ಜೊತೆಗೇ ಇತ್ತು. ಈ ನಡುವೆ ಮಾಡಿದ್ದು ಏನೇನು? ದುಡ್ಡಿಲ್ಲದವರೂ ಓದಲಿ ಅಂತ 1731ರಲ್ಲಿ ಚಂದಾದಾರರನ್ನು ಸೇರಿಸಿ ಗ್ರಂಥಾಲಯ. 1733ರಿಂದ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್. ಇಟಾಲಿಯನ್ ಕಲಿಯುವಾಗ ಚೆಸ್ ಚಟ ಅಡ್ಡ ಬಂತು. ಸೋತವನು ವ್ಯಾಕರಣ ಬಾಯಿಪಾಠ ಮಾಡಬೇಕು ಅಂತ ಪಂದ್ಯಕ್ಕೇ ಷರತ್ತು ಹಾಕಿಕೊಂಡರು. 1736ರಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ತಂಡ. 1748ರಲ್ಲಿ, 42ನೇ ವಯಸ್ಸಿಗೆ, ವ್ಯಾಪಾರವನ್ನು ಪಾಲುದಾರನ ಕೈಗೆ ಬಿಟ್ಟು ವಿದ್ಯುತ್ತಿನ ಪ್ರಯೋಗಗಳಿಗೆ ಕೂತರು. ನಾವು ಸರ್ಕ್ಯೂಟ್ ಕ್ಲಾಸಿನಲ್ಲಿ ಬರೆಯುವ ಪ್ಲಸ್ಸು, ಮೈನಸ್ಸು ಅವರು ಕೊಟ್ಟಿದ್ದು. ಮಿಂಚು ಕೂಡ ವಿದ್ಯುತ್ತೇ ಅನ್ನುವ ಅವರ ಊಹೆ 1752ರಲ್ಲಿ ನಿಜವಾಯಿತು, ಮನೆಗಳ ಮೇಲೆ ಸಿಡಿಲು ತಡೆಯುವ ಕಂಬಿ ಬಂತು. ಅದಕ್ಕೆ ಪೇಟೆಂಟ್ ತಗೊಳ್ಳಲಿಲ್ಲ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ, 1783ರಲ್ಲಿ ಶಾಂತಿ ಒಪ್ಪಂದಕ್ಕೆ, 1787ರಲ್ಲಿ ಸಂವಿಧಾನಕ್ಕೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗೇ ಇರುತ್ತೆ. ಆದರೆ ಇದನ್ನು ಬರೆಯೋಕೆ ಅಂತ ಓದುತ್ತಾ ಹೋದ ಹಾಗೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪಟ್ಟಿಯಲ್ಲಿ ಇದ್ದದ್ದಲ್ಲ, ಇಲ್ಲದ್ದು.

1736ರಲ್ಲಿ ಅವರ ಪುಟ್ಟ ಮಗ ಫ್ರಾನ್ಸಿಸ್ ನಾಲ್ಕನೇ ವಯಸ್ಸಿಗೆ ಸಿಡುಬಿನಿಂದ ತೀರಿಕೊಂಡ. ಸಿಡುಬು ಹಾಕಿಸುವ ಪದ್ಧತಿ ಆಗಲೇ ಇತ್ತು, ಅದರ ಪರವಾಗಿ ಅವರೇ ಬರೆಯುತ್ತಿದ್ದರು. ಆದರೆ ಮಗನಿಗೆ ಹಾಕಿಸಿರಲಿಲ್ಲ. ಆ ಪಶ್ಚಾತ್ತಾಪ ಕೊನೆಯವರೆಗೂ ಹೋಗಲಿಲ್ಲ. ಹೆಂಡತಿ ಡೆಬೊರಾ ಸಮುದ್ರಕ್ಕೆ ಹೆದರುತ್ತಿದ್ದವರು, ಲಂಡನ್ನಿಗೆ ಹೋಗಲೇ ಇಲ್ಲ. 1764ರಲ್ಲಿ ಅಲ್ಲಿಗೆ ಹೋದ ಗಂಡ ವಾಪಸ್ ಬರುವ ಮುಂಚೆಯೇ, 1774ರ ಡಿಸೆಂಬರಿನಲ್ಲಿ ತೀರಿಕೊಂಡರು. ಹತ್ತು ವರ್ಷ ಗಂಡನ ಮುಖ ನೋಡಿರಲಿಲ್ಲ. ದೊಡ್ಡ ಮಗ ವಿಲಿಯಂ ಸ್ವಾತಂತ್ರ್ಯ ಯುದ್ಧದಲ್ಲಿ ಇಂಗ್ಲೆಂಡ್ ರಾಜನ ಕಡೆ ನಿಂತ. ದೇಶದೇಶಗಳ ನಡುವೆ ಸಂಧಿ ಮಾಡಿಸಿದ ಅಪ್ಪ, ಮಗನ ಜೊತೆ ಮಾತ್ರ ಮನಸಾರೆ ರಾಜಿಯಾಗಲಿಲ್ಲ. ಆ ಕೋಷ್ಟಕದಲ್ಲಿ ಇದ್ಯಾವುದಕ್ಕೂ ಸಾಲು ಇರಲಿಲ್ಲ. ಆದ್ದರಿಂದ ಚುಕ್ಕೆಯೂ ಬೀಳಲಿಲ್ಲ.

ಇನ್ನೂ ದೊಡ್ಡದೊಂದಿದೆ. ನ್ಯಾಯ ಅನ್ನೋದು ಪಟ್ಟಿಯ ಎಂಟನೇ ಸಾಲು. ಆದರೂ ಅವರ ಮನೆಯಲ್ಲಿ ಗುಲಾಮರಿದ್ದರು. ಅವರ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಅಚ್ಚಾಗುತ್ತಿತ್ತು. ಸಂಜೆ ಹೊತ್ತು ಕೂತು ಎಂಟನೇ ಸಾಲು ನೋಡುವಾಗ ಆ ಜನ ಅವರ ಲೆಕ್ಕಕ್ಕೆ ಬರಲೇ ಇಲ್ಲ. ಸಾಲು ಇದ್ದರೂ ಕಣ್ಣಿಗೆ ಬೀಳದ್ದಕ್ಕೆ ಚುಕ್ಕೆ ಹೇಗೆ ಇಡೋದು?

ಆದರೆ ಈ ಮನುಷ್ಯನ ಮೇಲೆ ನಮಗೆ ಗೌರವ ಉಳಿಯೋದೂ ಇದೇ ಜಾಗದಲ್ಲಿ. ನಿಧಾನವಾಗಿ, ತುಂಬಾ ನಿಧಾನವಾಗಿ, ಅವರ ಮನಸ್ಸು ಬದಲಾಯಿತು. 1787ರಲ್ಲಿ, 81ರ ವಯಸ್ಸಿನಲ್ಲಿ, ಗುಲಾಮಗಿರಿ ನಿರ್ಮೂಲನೆಗೆ ದುಡಿಯುತ್ತಿದ್ದ ಪೆನ್ಸಿಲ್ವೇನಿಯಾದ ಸಂಘಕ್ಕೆ ಅಧ್ಯಕ್ಷರಾದರು. 1790ರ ಫೆಬ್ರವರಿಯಲ್ಲಿ ಗುಲಾಮಗಿರಿ ಕೊನೆಗಾಣಿಸಿ ಅಂತ ಹೊಸ ದೇಶದ ಸಂಸತ್ತಿಗೆ ಸಲ್ಲಿಸಿದ ಮನವಿಗೆ ಅವರದೇ ಸಹಿ. ಸಂಸತ್ತು ಒಪ್ಪಲಿಲ್ಲ. ಎರಡು ತಿಂಗಳಿಗೆ, ಏಪ್ರಿಲ್ 17ರಂದು, 84ರ ವಯಸ್ಸಿನಲ್ಲಿ ಅವರು ತೀರಿಕೊಂಡರು. 20ಕ್ಕೆ ಬರೆದ ಪಟ್ಟಿಯಲ್ಲಿ ಇಲ್ಲದ ಸಾಲನ್ನು 81ಕ್ಕೆ ಸೇರಿಸಿದ್ದು. ಅಷ್ಟು ಹೊತ್ತಿಗೆ ತುಂಬಾ ಜನಕ್ಕೆ ತಡವಾಗಿತ್ತು ಅನ್ನೋದೂ ನಿಜ.

ಸದ್ಗುಣಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೀಬೇಕು ಅನ್ನೋ ಆಸೆ ಹಾಗೇ ಉಳಿಯಿತು, ಅದನ್ನು ಬರೆಯಲೇ ಇಲ್ಲ. ಬದಲಿಗೆ ಉಯಿಲಿನಲ್ಲಿ ಬಾಸ್ಟನ್ನಿಗೆ 1000, ಫಿಲಡೆಲ್ಫಿಯಾಕ್ಕೆ 1000 ಪೌಂಡ್ ಬಿಟ್ಟು ಹೋದರು. ಅಪ್ರೆಂಟಿಸ್‌ಗಿರಿ ಮುಗಿಸಿದ ಹುಡುಗರು ಸ್ವಂತ ಕೆಲಸ ಶುರು ಮಾಡೋಕೆ ಕಮ್ಮಿ ಬಡ್ಡಿಯ ಸಾಲ, 200 ವರ್ಷದ ಪ್ಲಾನು. ಬಾಸ್ಟನ್ನಿನ ಆ ಹಣದಿಂದಲೇ ಮುಂದೆ ಒಂದು ತಾಂತ್ರಿಕ ಶಾಲೆ ಎದ್ದಿತು. ಬರಿಗೈಯಲ್ಲಿ ಲಂಡನ್ನಿನಲ್ಲಿ ನಿಂತಿದ್ದ ಹುಡುಗ ಅವರಿಗೆ ಮರೆತಿರಲಿಲ್ಲ ಅಂತ ನಮಗೆ ಅನ್ನಿಸುತ್ತೆ.

ಇದೆಲ್ಲ ಓದಿದ ಮೇಲೆ ನಮ್ಮ ಸಂಘದ ಕೋಣೆಯ ಗೋಡೆಗೂ ಒಂದು ಚಾರ್ಟ್ ಅಂಟಿಸಿದ್ದೇವೆ. ಕೆಂಪು ಸ್ಕೆಚ್ ಪೆನ್ನಿನ ಗೆರೆ, ಏಳು ಕಾಲಂ. ಈಗ ಮೂರನೇ ವಾರ ನಡೀತಿದೆ, ಅಚ್ಚುಕಟ್ಟು ಅನ್ನೋ ಸಾಲು ಪೂರ್ತಿ ಕಪ್ಪು. ಅದೇನೂ ಆಶ್ಚರ್ಯ ಅಲ್ಲ ಬಿಡಿ. ಆದರೆ ಕೆಳಗೆ ಒಂದು 14ನೇ ಸಾಲನ್ನು ಹೆಸರಿಡದೆ ಖಾಲಿ ಬಿಟ್ಟಿದ್ವಿ, ನಮಗೆ ಹೊಳೆಯದೇ ಇರೋದಕ್ಕೆ ಅಂತ. ಮೊನ್ನೆ ಬೆಳಿಗ್ಗೆ ಬಂದು ನೋಡಿದರೆ ಯಾರೋ ಅಲ್ಲಿ ಸಣ್ಣ ಅಕ್ಷರದಲ್ಲಿ ಅಮ್ಮನಿಗೆ ಫೋನ್ ಅಂತ ಬರೆದಿದ್ದರು. ಯಾರು ಅಂತ ನಾವು ಕೇಳಲಿಲ್ಲ. ಆ ಸಂಜೆ ಮಾತ್ರ ಕಾರಿಡಾರಿನಲ್ಲಿ ಎಲ್ಲರೂ ಫೋನು ಕಿವಿಗಿಟ್ಟುಕೊಂಡು ಓಡಾಡ್ತಾ ಇದ್ದರು.