ಡಾ. ವಿ. ಎಂ. ಘಾಟಗೆ (1908–1991): ಎಚ್‌ಟಿ-2 ತರಬೇತಿ ವಿಮಾನ ಹಾಗೂ ಅದರ ಎಂಜಿನ್‌ಗಳು

ಭಾರತದಲ್ಲಿಯೇ ವಿನ್ಯಾಸಗೊಂಡು ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಶಕ್ತಿಚಾಲಿತ ವಿಮಾನ ಎಚ್‌ಟಿ-2. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡ ಈ ಪುಟ್ಟ ವಿಮಾನದ ವಿನ್ಯಾಸ ತಂಡದ ಮುಖ್ಯಸ್ಥರಾಗಿದ್ದವರು ಡಾ. ವಿಷ್ಣು ಮಾಧವ ಘಾಟಗೆ. ವಿಮಾನದ ದೇಹವನ್ನು ಸ್ವದೇಶದಲ್ಲಿ ರಚಿಸಿದರೂ ಅದರ ಹೃದಯವಾದ ಎಂಜಿನ್‌ಗಾಗಿ ಪರದೇಶವನ್ನು ಅವಲಂಬಿಸಬೇಕಾದ ಪರಿಸ್ಥಿತಿ ಅವರ ವೃತ್ತಿಜೀವನದ ಉದ್ದಕ್ಕೂ ಮುಂದುವರಿಯಿತು.

ಶ್ರೀಯುತರು 1908ರಲ್ಲಿ ಕೊಲ್ಹಾಪುರ ಸೀಮೆಯಲ್ಲಿ ಜನಿಸಿದರು. ಮುಂಬಯಿಯಲ್ಲಿ ವಿಜ್ಞಾನದ ಉನ್ನತ ಶಿಕ್ಷಣ ಪಡೆದು, 1930ರ ದಶಕದಲ್ಲಿ ಜರ್ಮನಿಯ ಗಟಿಂಗೆನ್‌ಗೆ ತೆರಳಿದರು. ಆಧುನಿಕ ವಾಯುಗತಿ ವಿಜ್ಞಾನದ ಪಿತಾಮಹರೆಂದು ಗೌರವಿಸಲ್ಪಡುವ ಲುಡ್ವಿಗ್ ಪ್ರಾಂಟ್ಲ್ ಅವರ ಮಾರ್ಗದರ್ಶನದಲ್ಲಿ ಅಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿ ಗಳಿಸಿದರು. ಆ ಕಾಲದಲ್ಲಿ ಇಂತಹ ವಿದ್ಯೆ ಪಡೆದು ಸ್ವದೇಶಕ್ಕೆ ಮರಳಿದವರಿಗೆ ಉದ್ಯೋಗ ನೀಡುವ ಒಂದು ವಿಮಾನ ಕಾರ್ಖಾನೆಯೂ ಭಾರತದಲ್ಲಿ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥಾನವು 25 ಲಕ್ಷ ರೂಪಾಯಿ ಬಂಡವಾಳ ಹೂಡಿತು. ಸಂಸ್ಥೆಯನ್ನು ಸೇರಿದ ಮೊದಲಿಗರಲ್ಲಿ ಘಾಟಗೆಯವರೂ ಒಬ್ಬರು. 1941ರಲ್ಲಿ ಅವರು ಹತ್ತು ಆಸನಗಳ ಜಿ-1 ಎಂಬ ಗ್ಲೈಡರ್ ವಿನ್ಯಾಸಗೊಳಿಸಿದರು. ಅದು ಒಂದೇ ಒಂದು ತಯಾರಾಯಿತು. ಎಂಜಿನ್ ಇಲ್ಲದ ವಿಮಾನದಿಂದ ಅವರ ವಿನ್ಯಾಸ ಕಾರ್ಯ ಆರಂಭಗೊಂಡದ್ದು ಒಂದು ವಿಶೇಷ. 1942ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಪ್ರಾರಂಭವಾದಾಗ ಅದರ ಹೊಣೆಯನ್ನೂ ಅವರೇ ಹೊತ್ತರು. ಮುಂದೆ ದೇಶದ ವಿಮಾನ ಉದ್ಯಮಕ್ಕೆ ಬೇಕಾದ ತಂತ್ರಜ್ಞರು ಸಿದ್ಧಗೊಂಡದ್ದು ಈ ವಿಭಾಗದಲ್ಲಿ.

ಯುದ್ಧಕಾಲದಲ್ಲಿ ಕಾರ್ಖಾನೆಯು ಅಮೆರಿಕದ ಸೇನಾ ವಾಯುಪಡೆಯ ವಿಮಾನಗಳ ಹಾಗೂ ಎಂಜಿನ್‌ಗಳ ದುರಸ್ತಿ ಕೇಂದ್ರವಾಗಿ ಮಾರ್ಪಟ್ಟಿತು. ಎಂಜಿನ್ ಬಿಚ್ಚಿ ಜೋಡಿಸುವ ಕೌಶಲ ಬೆಂಗಳೂರಿನ ಕೆಲಸಗಾರರಿಗೆ ಕೈವಶವಾಯಿತು. ಎಂಜಿನ್ ರೂಪಿಸುವ ಅವಕಾಶ ಮಾತ್ರ ದೊರೆಯಲಿಲ್ಲ.

ಸ್ವಾತಂತ್ರ್ಯಾನಂತರ ವಾಯುಪಡೆಯಲ್ಲಿ ಬಳಕೆಯಲ್ಲಿದ್ದ ಟೈಗರ್ ಮಾತ್ ತರಬೇತಿ ವಿಮಾನಗಳು ಹಳತಾಗಿದ್ದವು. ಮರದ ರೆಕ್ಕೆ, ಬಟ್ಟೆಯ ಹೊದಿಕೆಯ ಆ ದ್ವಿಪದರ ರೆಕ್ಕೆಯ ವಿಮಾನದ ಸ್ಥಾನಕ್ಕೆ ಲೋಹನಿರ್ಮಿತ ವಿಮಾನವೊಂದರ ಅವಶ್ಯಕತೆ ಇತ್ತು. ಇದರ ವಿನ್ಯಾಸ ಕಾರ್ಯವು 1948ರಲ್ಲಿ ಘಾಟಗೆಯವರ ನೇತೃತ್ವದಲ್ಲಿ ಆರಂಭವಾಯಿತು. ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವ ಎರಡು ಆಸನ, ದೇಹದ ಕೆಳಭಾಗಕ್ಕೆ ಜೋಡಿಸಿದ ಒಂಟಿ ರೆಕ್ಕೆ, ಬಾಲದ ಗಾಲಿ, 10.72 ಮೀಟರ್ ರೆಕ್ಕೆಯ ಅಗಲ, 7.53 ಮೀಟರ್ ಉದ್ದ ಇವು ಅದರ ಸ್ಥೂಲ ಲಕ್ಷಣಗಳು. 1951ರ ಆಗಸ್ಟ್‌ನಲ್ಲಿ ಪರೀಕ್ಷಾ ವಿಮಾನಚಾಲಕ ಜೆಮ್‌ಶೆಡ್ ಮುನ್ಶಿ ಅವರು ಇದರ ಮೊದಲ ಹಾರಾಟ ನಡೆಸಿದರು.

ಮೊದಲ ಮಾದರಿಗೆ ಅಳವಡಿಸಿದ್ದು 145 ಅಶ್ವಶಕ್ತಿಯ ಜಿಪ್ಸಿ ಮೇಜರ್ 10 ಎಂಜಿನ್. 1952ರ ಫೆಬ್ರವರಿಯಲ್ಲಿ ಹಾರಿದ ಎರಡನೆಯ ಮಾದರಿಗೆ 155 ಅಶ್ವಶಕ್ತಿಯ ಬ್ಲ್ಯಾಕ್‌ಬರ್ನ್ ಸಿರಸ್ ಮೇಜರ್ ಎಂಜಿನ್ ಜೋಡಿಸಲಾಯಿತು. ಮುಂದಿನ ತಯಾರಿಕೆಗೂ ಅದೇ ಆಯ್ಕೆಯಾಯಿತು. ಹತ್ತು ಅಶ್ವಶಕ್ತಿಯ ಏರಿಕೆ ಓದುಗರಿಗೆ ಅಲ್ಪವೆನಿಸಬಹುದು. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಇಂತಹ ಎಂಜಿನ್ ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲನ್ನು ನೆಲ ಬಿಡುವ ಮುನ್ನವೇ ಕಳೆದುಕೊಳ್ಳುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ನಷ್ಟ ಇನ್ನೂ ಹೆಚ್ಚು. ಇಬ್ಬರು ಕುಳಿತ ವಿಮಾನ ಓಡುದಾರಿಯ ಕೊನೆಯನ್ನು ಸುರಕ್ಷಿತವಾಗಿ ದಾಟುವುದಕ್ಕೆ ಆ ಹತ್ತು ಅಶ್ವಶಕ್ತಿ ಉಪಯುಕ್ತವಾಗಿತ್ತು.

ಸುಮಾರು 170 ಎಚ್‌ಟಿ-2 ವಿಮಾನಗಳು ತಯಾರಾದವು. ವಾಯುಪಡೆಯ ಹಲವು ತಲೆಮಾರುಗಳ ಚಾಲಕರು ಮೊದಲ ಪಾಠ ಕಲಿತದ್ದು ಇದರಲ್ಲಿಯೇ. ಹನ್ನೆರಡು ವಿಮಾನಗಳು ಘಾನಾ ದೇಶದ ವಾಯುಪಡೆಗೂ ಹೋದವು.

ವಿಮಾನದ ದೇಹ ಗಟ್ಟಿಯಾಗಿ ಉಳಿದರೂ ಸಿರಸ್ ಎಂಜಿನ್ ಕಾಲಕ್ರಮೇಣ ಹಳತಾಯಿತು. ಆ ಎಂಜಿನ್‌ನ ತಯಾರಿಕೆ ನಿಂತುಹೋಗಿ ಬಿಡಿಭಾಗಗಳನ್ನು ಹೊಂದಿಸುವುದು ಕಷ್ಟವಾದ ಕಾಲದಲ್ಲಿ, ಹಲವು ಎಚ್‌ಟಿ-2 ವಿಮಾನಗಳಿಗೆ ಅಮೆರಿಕದ 160 ಅಶ್ವಶಕ್ತಿಯ ಲೈಕಮಿಂಗ್ ಎಇಐಒ-320 ಎಂಜಿನ್ ಅಳವಡಿಸಲಾಯಿತು. ಶಕ್ತಿಯ ಏರಿಕೆ ಕೇವಲ ಐದು ಅಶ್ವಶಕ್ತಿ. ಕೆಲಸ ಮಾತ್ರ ಸಣ್ಣದಲ್ಲ. ಸಿರಸ್‌ನ ನಾಲ್ಕು ಸಿಲಿಂಡರ್‌ಗಳು ಒಂದರ ಹಿಂದೆ ಒಂದು ಸಾಲಾಗಿ, ತಲೆಕೆಳಗಾಗಿ ಇರುತ್ತವೆ. ಲೈಕಮಿಂಗ್‌ನಲ್ಲಿ ಎರಡೆರಡು ಸಿಲಿಂಡರ್‌ಗಳು ಎಡಬಲಕ್ಕೆ ಮಲಗಿರುತ್ತವೆ. ಮೊದಲನೆಯದು ಉದ್ದ ಮತ್ತು ಕಿರಿದು, ಎರಡನೆಯದು ಗಿಡ್ಡ ಮತ್ತು ಅಗಲ. ಆದ್ದರಿಂದ ಎಂಜಿನ್ ಹೊರುವ ಚೌಕಟ್ಟು, ಮೂತಿಯ ಹೊದಿಕೆ, ತಂಪುಗಾಳಿಯ ದಾರಿ, ಪ್ರೊಪೆಲ್ಲರ್ ಎಲ್ಲವೂ ಬದಲಾಗಬೇಕಾಗುತ್ತದೆ. ಮೂತಿಯ ತೂಕ ಬದಲಾದರೆ ವಿಮಾನದ ಗುರುತ್ವ ಕೇಂದ್ರವೂ ಸರಿಯುತ್ತದೆ. ಅದು ನಿಗದಿತ ಮಿತಿಗಿಂತ ಹಿಂದಕ್ಕೆ ಸರಿದಲ್ಲಿ ಗಿರಕಿ ಹೊಡೆಯುವ ವಿಮಾನವನ್ನು ಹತೋಟಿಗೆ ತರುವುದು ದುಸ್ಸಾಧ್ಯ. ಕಲಿಯುವ ಹುಡುಗನ ಪ್ರಾಣ ಈ ಲೆಕ್ಕಾಚಾರದ ಮೇಲೆ ನಿಂತಿರುತ್ತದೆ. ಹೊಸ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಬದಲು ಇಂಧನವನ್ನು ನೇರವಾಗಿ ಚಿಮ್ಮಿಸುವ ವ್ಯವಸ್ಥೆ ಇದ್ದುದರಿಂದ ವಿಮಾನ ತಲೆಕೆಳಗಾಗಿ ಹಾರುವಾಗಲೂ ಎಂಜಿನ್‌ಗೆ ಇಂಧನ ತಪ್ಪುತ್ತಿರಲಿಲ್ಲ. ಈ ಮಾರ್ಪಾಟಿನಿಂದ ಹಳೆಯ ವಿನ್ಯಾಸಕ್ಕೆ ಮತ್ತಷ್ಟು ಆಯುಷ್ಯ ದೊರೆಯಿತು.

ಘಾಟಗೆಯವರ ಇತರ ಲಘು ವಿಮಾನಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ರೂಪಿಸಿದ ಪುಷ್ಪಕ್ ವಿಮಾನ 1958ರ ಸೆಪ್ಟೆಂಬರ್‌ನಲ್ಲಿ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್‌ನೊಂದಿಗೆ ಹಾರಿತು. ಪುಷ್ಪಕ್‌ಗೆಂದು ಅಷ್ಟೇ ಶಕ್ತಿಯ ಪಿಇ-90ಎಚ್ ಎಂಬ ಎಂಜಿನ್ ಬೆಂಗಳೂರಿನಲ್ಲಿಯೇ ವಿನ್ಯಾಸಗೊಂಡಿತಾದರೂ ವ್ಯಾಪಕ ಬಳಕೆಗೆ ಬರಲಿಲ್ಲ. ಪುಷ್ಪಕ್‌ನ ದೊಡ್ಡ ರೂಪವಾದ ಕೃಷಕ್ 1959ರಲ್ಲಿ 190 ಅಶ್ವಶಕ್ತಿಯ ಎಂಜಿನ್‌ನೊಂದಿಗೆ ಹಾರಿ ಕೆಲಕಾಲ ಮೂಲೆ ಸೇರಿತ್ತು. ಸೇನೆಗೆ ವೀಕ್ಷಣಾ ವಿಮಾನ ಬೇಕಾದಾಗ ಅದಕ್ಕೆ 225 ಅಶ್ವಶಕ್ತಿಯ ಎಂಜಿನ್ ಕೂಡಿಸಲಾಯಿತು.

ಜೆಟ್ ಯುಗದಲ್ಲಿ ಇದೇ ಕೊರತೆಗೆ ತೆರಬೇಕಾದ ಬೆಲೆ ಹೆಚ್ಚಾಯಿತು. ಜರ್ಮನಿಯ ಕುರ್ಟ್ ಟಾಂಕ್ ಅವರ ನೇತೃತ್ವದಲ್ಲಿ ಘಾಟಗೆಯವರೂ ಶ್ರಮಿಸಿದ ಮಾರುತ್ ಯುದ್ಧವಿಮಾನ 1961ರಲ್ಲಿ ಹಾರಿತು. ಅದಕ್ಕೆ ಯೋಜಿಸಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ 12 ಎಂಜಿನ್‌ನ ಅಭಿವೃದ್ಧಿ ಹಣಕಾಸಿನ ಕಾರಣದಿಂದ ನಿಂತುಹೋಯಿತು. ಕಡಿಮೆ ಶಕ್ತಿಯ ಆರ್ಫಿಯಸ್ 703ರಲ್ಲಿಯೇ ತೃಪ್ತಿಪಡಬೇಕಾಗಿ ಬಂದು, ಉತ್ತಮ ವಿನ್ಯಾಸವೊಂದು ತನ್ನ ಪೂರ್ಣ ವೇಗವನ್ನು ಎಂದೂ ಕಾಣಲಿಲ್ಲ. ಬೆಂಗಳೂರಿನಲ್ಲಿ 1957ರಲ್ಲಿಯೇ ಎಂಜಿನ್ ವಿಭಾಗ ಆರಂಭಗೊಂಡಿತ್ತಾದರೂ ಅಲ್ಲಿ ತಯಾರಾಗುತ್ತಿದ್ದುದು ಪರವಾನಗಿಯ ಮೇಲೆ ಪಡೆದ ಎಂಜಿನ್‌ಗಳು. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಕಿರಣ್ ಜೆಟ್ ತರಬೇತಿ ವಿಮಾನವು 1964ರ ಸೆಪ್ಟೆಂಬರ್ 4ರಂದು ವೈಪರ್ ಎಂಜಿನ್‌ನೊಂದಿಗೆ ಮೊದಲ ಬಾರಿಗೆ ಹಾರಿತು. 1976ರಲ್ಲಿ ಹಾರಿದ ಅದರ ಎರಡನೆಯ ಆವೃತ್ತಿಗೆ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ದೊರೆಯಿತು.

ಭಾರತ ಸರ್ಕಾರವು 1965ರಲ್ಲಿ ಶ್ರೀಯುತರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಎಚ್‌ಟಿ-2 ವಿಮಾನಗಳ ಸ್ಥಾನಕ್ಕೆ ಬೆಂಗಳೂರಿನಲ್ಲಿಯೇ ರೂಪುಗೊಂಡ ಎಚ್‌ಪಿಟಿ-32 ದೀಪಕ್ ಬಂದಿತು. ಅದರ 260 ಅಶ್ವಶಕ್ತಿಯ ಎಂಜಿನ್ ಸಹ ಲೈಕಮಿಂಗ್‌ನದೇ ಆಗಿತ್ತು. ಡಾ. ಘಾಟಗೆಯವರು 1991ರ ಡಿಸೆಂಬರ್‌ನಲ್ಲಿ ನಿಧನರಾದರು. ಅವರ ಹೆಸರಿನಲ್ಲಿ ಭಾರತೀಯ ವೈಮಾನಿಕ ಸೊಸೈಟಿಯು ವಿಮಾನ ತಂತ್ರಜ್ಞಾನ ಕ್ಷೇತ್ರದ ಸಾಧಕರಿಗೆ ಪ್ರಶಸ್ತಿಯನ್ನು ಸ್ಥಾಪಿಸಿದೆ.